ಮೈ ಕಟ್ಟಿದವನ ಹೆಸರು

ಪೊಳಲಿಯ ರಾಜರಾಜೇಶ್ವರಿ ಸನ್ನಿಧಿಯಲ್ಲಿ ರಥ ಎಳೆದು ಬೆಳೆದ ನನಗೆ ಧರ್ಮಸ್ಥಳದ ಕಾರು ಸಂಗ್ರಹಾಲಯವೂ ಒಂದು ರಥಬೀದಿಯಂತೆಯೇ ಕಂಡಿತು. ಹಳೆಯ ಕಾರುಗಳ ಎದುರು ನಿಂತವರೆಲ್ಲ ಕೇಳುವುದು ಕಂಪನಿಯ ಹೆಸರನ್ನು. ಮೈ ಕಟ್ಟಿದವರಾರೆಂದು ಕೇಳುವವರಿಲ್ಲ.

ಎರಡನೆಯ ಮಹಾಯುದ್ಧದವರೆಗೆ ರೋಲ್ಸ್‌ರಾಯ್ಸ್ ಸಂಸ್ಥೆ ಮಾರುತ್ತಿದ್ದುದು ಎಂಜಿನ್ ಸಹಿತವಾದ ಚಾಸಿಯನ್ನು ಮಾತ್ರ. ಗಿರಾಕಿಯ ಇಚ್ಛೆಯಂತೆ ಅದಕ್ಕೆ ಬಾಡಿ ಕಟ್ಟುತ್ತಿದ್ದವರು ಬೇರೆಯವರು. ಭಾರತದ ಅರಸರೂ ಅವರ ದೊಡ್ಡ ಗಿರಾಕಿಗಳೇ. ಇಂಥವರಲ್ಲಿ ಅಗ್ರಗಣ್ಯ ಸಂಸ್ಥೆ ಲಂಡನ್ನಿನ ಹೂಪರ್. 1805ರಲ್ಲಿ ಕುದುರೆ ಸಾರೋಟುಗಳನ್ನು ಕಟ್ಟಲು ಹುಟ್ಟಿದ ಅದು 1830ರಿಂದ ಬ್ರಿಟಿಷ್ ರಾಜಮನೆತನದ ಮನ್ನಣೆ ಪಡೆದಿತ್ತು. ಮರದ ಚೌಕಟ್ಟು, ಅದರ ಮೇಲೆ ಕೈಯಿಂದ ಬಡಿದು ಬಾಗಿಸಿದ ಅಲ್ಯೂಮಿನಿಯಂ ತಗಡು: ಇದು ಅವರ ವಿದ್ಯೆ. ಚಾಸಿ ಬೇರೆ, ಬಾಡಿ ಬೇರೆ ಎಂಬ ಭೇದವೇ ಅಳಿಯುವ ಕಾಲ ಸಮೀಪಿಸಿದಾಗ, 1959ರಲ್ಲಿ, ಹೂಪರ್ ಬಾಡಿ ಕಟ್ಟುವುದನ್ನೇ ನಿಲ್ಲಿಸಿತು. ರೋಲ್ಸ್‌ರಾಯ್ಸ್‌ನ ಚಾಸಿರಹಿತ ಸಿಲ್ವರ್ ಶ್ಯಾಡೋ ಬಂದುದು 1965ರಲ್ಲಿ.

ನಮ್ಮ ಕರಾವಳಿಯ ರಥಗಳಿಗೆ ಆ ಗತಿ ಬಂದಿಲ್ಲ. ಗಾಲಿಗಳ ಮೇಲಿನ ಮರದ ಪೀಠ ಹಳೆಯದೇ. ಬಿದಿರು, ಬಟ್ಟೆ, ಪತಾಕೆಗಳ ಮೈ ಮಾತ್ರ ಪ್ರತಿ ಉತ್ಸವಕ್ಕೂ ಹೊಸದಾಗಿ ಏಳುತ್ತದೆ. ವಿದ್ಯೆ ಉಳಿಯುವುದು ಸಂಗ್ರಹಾಲಯದಲ್ಲಲ್ಲ, ಕೆಲಸದಲ್ಲಿ. ಆದರೆ ರಥ ಕಟ್ಟುವವರ ಮಕ್ಕಳೂ ಅದೇ ಕೆಲಸ ಹಿಡಿಯಬೇಕಾದರೆ, ಅವರಿಗೆ ಕೂಲಿಯೊಡನೆ ಹೆಸರೂ ದಕ್ಕಬೇಡವೇ?