ಆಟೊಮ್ಯಾಟಿಕ್ ಗಿಯರ್ ಪೆಟ್ಟಿಗೆ: ಹಳೆಯದು, ಹೊಸದು ಮತ್ತು ದುರಸ್ತಿ

ಕ್ಲಚ್ ತುಳಿಯುವ ಶ್ರಮವಿಲ್ಲದ ಆಟೊಮ್ಯಾಟಿಕ್ ಕಾರುಗಳು ಈಗ ಹಳ್ಳಿಯ ರಸ್ತೆಗಳಲ್ಲಿಯೂ ಓಡಾಡುತ್ತಿವೆ. ಸೆಕೆಂಡ್ ಹ್ಯಾಂಡ್ ಕಾರುಗಳೂ ದೊರೆಯುತ್ತವೆ. ಆದರೆ ಗಿಯರ್ ಪೆಟ್ಟಿಗೆ ಒಮ್ಮೆ ಕೆಟ್ಟರೆ ಒಂದು ಬೆಳೆಯ ಆದಾಯವೇ ಅದಕ್ಕೆ ಹೋಗಬಹುದು. ಆದುದರಿಂದ ಕೊಳ್ಳುವ ಮೊದಲು ರೈತ ಬಾಂಧವರು ಅದರ ರಚನೆಯನ್ನು ತಿಳಿದಿರುವುದು ಅವಶ್ಯಕ.

ಹಳೆಯ ಮಾದರಿ

ಅಮೆರಿಕದಲ್ಲಿ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರಿನೊಂದಿಗೆ ಹೈಡ್ರಾಮ್ಯಾಟಿಕ್ ಬಂದಿತು. 1956ರಲ್ಲಿ ಕ್ರೈಸ್ಲರ್ ಕಂಪನಿಯ ಮೂರು ಗಿಯರುಗಳ ಟಾರ್ಕ್‌ಫ್ಲೈಟ್ ಬಂದಿತು. ಇವುಗಳಲ್ಲಿ ಗಿಯರ್ ಯಾವಾಗ ಬದಲಾಗಬೇಕೆಂಬುದನ್ನು ಎಣ್ಣೆಯ ಒತ್ತಡ, ಸ್ಪ್ರಿಂಗು ಮತ್ತು ವಾಲ್ವುಗಳೇ ನಿರ್ಧರಿಸುತ್ತಿದ್ದವು. ಟಾರ್ಕ್‌ಫ್ಲೈಟಿನ ಒಳಗಿನ ಹಿಡಿತದ ಪಟ್ಟಿ ಸವೆದು ಸಡಿಲವಾದರೆ ಹೊರಗಿನ ಸ್ಕ್ರೂ ತಿರುಗಿಸಿ ಬಿಗಿ ಮಾಡಬಹುದಿತ್ತು. ರಬ್ಬರ್ ಸೀಲು, ಕ್ಲಚ್ ಪ್ಲೇಟುಗಳನ್ನು ಬದಲಿಸಿ ಪೆಟ್ಟಿಗೆಯನ್ನು ಪುನಃ ಜೋಡಿಸುವುದು ಅನುಭವಿ ಮೆಕ್ಯಾನಿಕನಿಗೆ ಸಾಧ್ಯವಿತ್ತು. ಆದರೆ ಇವು ಕೆಡುತ್ತಿರಲಿಲ್ಲವೆಂದು ಭಾವಿಸಬಾರದು. ಆಗಾಗ ಹೊಂದಾಣಿಕೆ ಬೇಕಿತ್ತು, ಇಂಧನದ ಖರ್ಚೂ ಹೆಚ್ಚು.

ಹೊಸ ಮಾದರಿ

ಜರ್ಮನಿಯ ಝಡ್‌ಎಫ್ ಕಂಪನಿ 2009ರಲ್ಲಿ ಎಂಟು ಗಿಯರುಗಳ ಪೆಟ್ಟಿಗೆಯ ತಯಾರಿಕೆ ಆರಂಭಿಸಿತು. ಇಂತಹ ಪೆಟ್ಟಿಗೆಗಳಲ್ಲಿ ಕಂಪ್ಯೂಟರ್ ವೇಗ, ಉಷ್ಣತೆಗಳನ್ನು ಅಳೆದು ವಿದ್ಯುತ್ ವಾಲ್ವುಗಳ ಮೂಲಕ ಗಿಯರ್ ಬದಲಿಸುತ್ತದೆ. ಓಟ ನಯ, ಇಂಧನ ಉಳಿತಾಯ. ಆದರೆ ಒಂದು ವಾಲ್ವು ಅಥವಾ ತಂತಿ ಕೆಟ್ಟರೂ ಕಾರು ಒಂದೇ ಗಿಯರಿನಲ್ಲಿ ನಿಲ್ಲಬಹುದು. ಪರೀಕ್ಷಾ ಯಂತ್ರವಿಲ್ಲದೆ ದೋಷ ಪತ್ತೆಯಾಗುವುದು ಕಷ್ಟ. ದೋಷವನ್ನು ಗುರುತಿಸದೆ ಪೆಟ್ಟಿಗೆ ಬಿಚ್ಚಿಸಿದರೆ ಹಣ ವ್ಯರ್ಥ.

ಎ.ಎಂ.ಟಿ.

2014ರಲ್ಲಿ ಮಾರುತಿ ಸುಜುಕಿಯ ಸೆಲೆರಿಯೊದೊಂದಿಗೆ ಬಂದ ಎ.ಎಂ.ಟಿ. ಬೇರೆ ಬಗೆಯದು. ಇದು ಸಾಮಾನ್ಯ ಗಿಯರ್ ಪೆಟ್ಟಿಗೆಯೇ. ಕ್ಲಚ್ ಒತ್ತಿ ಗಿಯರ್ ಹಾಕುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರನ್ನು ನಿಲ್ಲಿಸಿದರೆ ಕ್ಲಚ್ ಪ್ಲೇಟು ಸುಡುತ್ತದೆ, ಬ್ರೇಕನ್ನೇ ಬಳಸಬೇಕು.

ಪಾಲಿಸಬೇಕಾದ ಕ್ರಮಗಳು

1. ಎಣ್ಣೆಯ ಒತ್ತಡದಿಂದ ನಡೆಯುವ ಪೆಟ್ಟಿಗೆಗಳಿಗೆ ಹಳೆಯದಿರಲಿ, ಹೊಸದಿರಲಿ ಶಾಖವೇ ಶತ್ರು. ಕಂಪನಿ ಸೂಚಿಸಿದ ಎಣ್ಣೆಯನ್ನೇ ಹಾಕಿಸಬೇಕು. ಜೀವನಪರ್ಯಂತ ಬದಲಿಸಬೇಕಿಲ್ಲವೆಂಬ ಮಾತನ್ನು ನಂಬಿ ಕೂರಬಾರದು. ಝಡ್‌ಎಫ್ ಕಂಪನಿಯೇ ಸುಮಾರು 80,000ದಿಂದ 1,20,000 ಕಿ.ಮೀ.ಗಳಿಗೊಮ್ಮೆ ಬದಲಿಸಲು ಸಲಹೆ ನೀಡುತ್ತದೆ.

2. ಕೊಳ್ಳುವಾಗ ಎಂಜಿನ್ ತಣ್ಣಗಿರುವಾಗಲೇ ಪರೀಕ್ಷಿಸಬೇಕು. ಗಿಯರ್ ಹಿಡಿಯಲು ತಡ, ಜೋರಾದ ಜಗ್ಗು, ಎಂಜಿನ್ ಅರಚಿದರೂ ವೇಗ ಏರದಿರುವುದು ರೋಗದ ಲಕ್ಷಣಗಳು. ಎಣ್ಣೆ ಬದಲಿಸಿದ ರಸೀದಿಗಳನ್ನು ಕೇಳಿ ನೋಡಬೇಕು.

3. ಕೆಸರಿನಲ್ಲಿ ಸಿಕ್ಕಿದಾಗ ಚಕ್ರಗಳನ್ನು ಬಹಳ ಹೊತ್ತು ಸುತ್ತಿಸಬಾರದು.

4. ಕೆಟ್ಟ ಆಟೊಮ್ಯಾಟಿಕ್ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಯಬಾರದು. ಎಂಜಿನ್ ನಿಂತರೆ ಎಣ್ಣೆಯ ಪಂಪೂ ನಿಲ್ಲುವುದರಿಂದ ಒಳಭಾಗಗಳು ಒಣಗಿ ಉಜ್ಜುತ್ತವೆ. ಚಕ್ರಗಳು ನೆಲಕ್ಕೆ ತಾಗದಂತೆ ಲಾರಿಯ ಮೇಲೆ ಸಾಗಿಸುವುದು ಕ್ಷೇಮ.

ಹಳೆಯ ಪೆಟ್ಟಿಗೆಯನ್ನು ಕೆಟ್ಟ ಮೇಲೂ ಕಡಿಮೆ ಖರ್ಚಿನಲ್ಲಿ ಸರಿಪಡಿಸಬಹುದಿತ್ತು. ಹೊಸದರಲ್ಲಿ ಕೆಡುವ ಮೊದಲೇ ಜಾಗ್ರತೆ ವಹಿಸುವುದೇ ಅಗ್ಗದ ದುರಸ್ತಿ.