ತೆರೆದ ಕಡತಗಳೆಲ್ಲ ಓಗೊಡುತ್ತವೆ!

ವರ್ಡ್‌ನಲ್ಲಿ ಹತ್ತು ಹನ್ನೆರಡು ಕಡತ ಒಟ್ಟಿಗೆ ತೆರೆದುಕೊಂಡು ಕೆಲಸ ಮಾಡುವ ಅಭ್ಯಾಸ ನಿಮಗಿದ್ದರೆ, ಈಗಲೇ ಆಲ್ಟ್ ಕೀಲಿ ಹಿಡಿದು ಎಫ್11 ಒತ್ತಿ ನೋಡಿ. ಇಷ್ಟು ವರ್ಷ ಟೈಪ್ ಮಾಡುತ್ತಿದ್ದ ಪುಟದ ಹಿಂದೆ ಇನ್ನೊಂದು ಲೋಕವೇ ತೆರೆದುಕೊಳ್ಳುತ್ತದೆ! ವರ್ಡ್ ಮಾಡಬೇಕಾದ ಕೆಲಸವನ್ನು ಸಾಲುಸಾಲಾಗಿ ಹೇಳುವ ಆದೇಶಪಟ್ಟಿ, ಅಂದರೆ ಮ್ಯಾಕ್ರೋ, ಬರೆಯುವ ಈ ಜಾಗ ವರ್ಡ್ 97ರ ಕಾಲದಿಂದಲೂ ಅಲ್ಲೇ ಇದೆ. ಕಂಟ್ರೋಲ್ ಜಿ ಒತ್ತಿ, ಕೆಳಗೆ ಬರುವ ಖಾಲಿ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ‘ಡಾಕ್ಯುಮೆಂಟ್ಸ್.ಕೌಂಟ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಎಂಟರ್ ಕೊಡಿ. ಥಟ್ಟನೆ ಉತ್ತರ ಬರುತ್ತದೆ: 12. ಎಷ್ಟು ಕಡತ ತೆರೆದಿವೆ ಎಂದು ವರ್ಡ್‌ಗೆ ಗೊತ್ತು, ಕೇಳಿದರೆ ಹೇಳುತ್ತದೆ!

ಕೇಳಬಹುದಾದದ್ದು ಅಷ್ಟೇ ಅಲ್ಲ. ಪ್ರತಿ ಕಡತಕ್ಕೂ ಹೆಸರಿದೆ, ವಿಳಾಸವಿದೆ, ತಿದ್ದಿದ್ದು ಉಳಿಸಿದೆಯೇ ಇಲ್ಲವೇ ಎಂದು ಹೇಳುವ ‘ಸೇವ್ಡ್’ ಎಂಬ ಗುರುತಿದೆ. ಆ ಗುರುತನ್ನು ನಾವೇ ಬದಲಿಸಬಹುದು! ‘ಟ್ರೂ’ ಎಂದು ಬರೆದುಬಿಟ್ಟರೆ, ಮುಚ್ಚುವಾಗ ವರ್ಡ್ ಒಂದು ಮಾತೂ ಕೇಳದೆ ಮುಚ್ಚಿಬಿಡುತ್ತದೆ. ಉಳಿಸದ ತಿದ್ದುಪಡಿ ಅಲ್ಲಿಗೆ ಹೋಯಿತು. ಇಷ್ಟು ಬಲವನ್ನು ಎಚ್ಚರದಿಂದಲೇ ಬಳಸಬೇಕು. ಮ್ಯಾಕ್ರೋಗಳ ಇಂಥದೇ ಬಲದಿಂದ 1995ರಲ್ಲಿ ‘ಕಾನ್ಸೆಪ್ಟ್’, 1999ರಲ್ಲಿ ‘ಮೆಲಿಸ್ಸಾ’ ವೈರಸ್‌ಗಳು ವರ್ಡ್ ಕಡತಗಳೊಳಗೆ ಕೂತು ಹರಡಿದ್ದು.

ಎಲ್ಲ ಕಡತ ಒಮ್ಮೆಗೇ ಮುಚ್ಚುವ ಮ್ಯಾಕ್ರೋ ಬರೆಯಲು ಹೋದರೆ ಇನ್ನೊಂದು ಸೋಜಿಗ ಕಾದಿರುತ್ತದೆ. ಒಂದರಿಂದ ಹನ್ನೆರಡರವರೆಗೆ ಎಣಿಸುತ್ತಾ ಮುಚ್ಚು ಎಂದರೆ ಆರು ಮುಚ್ಚಿ ಏಳನೆಯದಕ್ಕೆ ಮ್ಯಾಕ್ರೋ ನಿಂತುಬಿಡುತ್ತದೆ. ಯಾಕೆ? ರೇಷನ್ ಅಂಗಡಿ ಸಾಲಿನಲ್ಲಿ ಮುಂದಿನವರು ಹೋದೊಡನೆ ಹಿಂದಿನವರೆಲ್ಲ ಒಂದೊಂದು ಹೆಜ್ಜೆ ಮುಂದೆ ಬರುವ ಹಾಗೆ, ಒಂದು ಕಡತ ಮುಚ್ಚಿದ ಕ್ಷಣವೇ ಉಳಿದವುಗಳ ಸಂಖ್ಯೆ ಬದಲಾಗುತ್ತದೆ. ಎರಡನೆಯದು ಒಂದನೆಯದಾಗುತ್ತದೆ, ಎಣಿಕೆ ಮಾತ್ರ ಅದನ್ನು ದಾಟಿ ಮುಂದೆ ಓಡಿರುತ್ತದೆ. ಹನ್ನೆರಡರಿಂದ ಒಂದಕ್ಕೆ ಇಳಿಯುತ್ತಾ ಬನ್ನಿ, ಒಂದೂ ತಪ್ಪಿಸಿಕೊಳ್ಳುವುದಿಲ್ಲ! ಈ ಪಟ್ಟಿ ಕಾಗದದ ಮೇಲಿನ ಪಟ್ಟಿಯಲ್ಲ, ನಾವು ಮುಟ್ಟಿದಂತೆಲ್ಲ ಅಲುಗುವ ಜೀವಂತ ಪಟ್ಟಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇವತ್ತು ತೆರೆದಿರುವ ಕಡತಗಳನ್ನೆಲ್ಲ ನಾಳೆ ಮತ್ತೆ ತೆರೆಯುವ ಮ್ಯಾಕ್ರೋ. ಎಲ್ಲ ಕಡತಗಳ ವಿಳಾಸ ಒಂದು ಕಡೆ ಬರೆದಿಟ್ಟರೆ ಸಾಕು. ಆದರೆ ಮ್ಯಾಕ್ರೋದ ಹಳೇ ಪದ್ಧತಿಯಲ್ಲಿ ಟೆಕ್ಸ್ಟ್ ಫೈಲ್‌ಗೆ ಬರೆಸಿದರೆ ಕನ್ನಡದ ಹೆಸರುಗಳೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡುತ್ತವೆ. ಮ್ಯಾಕ್ರೋ ಬರೆಯುವ ಆ ಕಿಟಕಿಯಲ್ಲೂ ಅದೇ ಪಾಡು: ‘ಕ’ ಬೇಕೆಂದರೆ ಅದರ ಯೂನಿಕೋಡ್ ಸಂಖ್ಯೆ 3221 ಕೊಟ್ಟು ಕರೆಸಿಕೊಳ್ಳಬೇಕು. ದಾರಿ ಇದೆ! ಪಟ್ಟಿಯನ್ನು ಒಂದು ವರ್ಡ್ ಕಡತದಲ್ಲೇ ಬರೆಸಿ, ಕನ್ನಡ ಒಂದು ಒತ್ತಕ್ಷರವೂ ಕೆಡದೆ ಕೂರುತ್ತದೆ. ಹಾಗೆ ಹೊಸದಾಗಿ ತೆರೆದ ಆ ಕಡತವೂ ತೆರೆದವುಗಳ ಪಟ್ಟಿಗೆ ತಾನೇ ಸೇರಿಕೊಳ್ಳುತ್ತದೆಯಲ್ಲ? ಸೇರಲಿ. ಅದನ್ನಿನ್ನೂ ಎಲ್ಲೂ ಉಳಿಸಿಲ್ಲವಾದ್ದರಿಂದ ಅದರ ವಿಳಾಸ ಖಾಲಿ. ವಿಳಾಸ ಖಾಲಿ ಇದ್ದವನ್ನು ಬಿಡು ಎಂಬ ಒಂದೇ ಸಾಲು ಸಾಕು. ಪಟ್ಟಿ ಬರೆದು ಮುಗಿದ ಮೇಲೆ ಅದನ್ನು ಉಳಿಸಿದರಾಯಿತು.

ಮುಚ್ಚುವ ಮೊದಲು ಕರ್ಸರ್ ಇದ್ದ ಜಾಗಕ್ಕೆ ಒಂದು ಬುಕ್‌ಮಾರ್ಕ್ ಹಾಕಿ ಕಡತ ಉಳಿಸುವ ಸಾಲನ್ನೂ, ಮತ್ತೆ ತೆರೆದಾಗ ಆ ಬುಕ್‌ಮಾರ್ಕ್‌ಗೆ ಹೋಗುವ ಸಾಲನ್ನೂ ಇದಕ್ಕೆ ಸೇರಿಸಬಹುದು. ವರ್ಡ್ ಶುರುವಾದಾಗ ತಾನಾಗಿ ಓಡುವ ಮ್ಯಾಕ್ರೋಗೆ ‘ಆಟೋಎಕ್ಸೆಕ್’ ಎಂಬ ಹೆಸರಿಡಬೇಕು, ನಾರ್ಮಲ್ ಟೆಂಪ್ಲೇಟ್‌ನಲ್ಲಿ ಇಡಬೇಕು, ಅಷ್ಟೇ. ಮರುದಿನ ವರ್ಡ್ ತೆರೆದರೆ ಕಡತಗಳೆಲ್ಲ ಒಂದರ ಹಿಂದೊಂದು ಬಂದು ನಿಲ್ಲುತ್ತವೆ, ಪ್ರತಿಯೊಂದರಲ್ಲೂ ಕರ್ಸರ್ ನಿನ್ನೆ ಬಿಟ್ಟ ಸಾಲಿನಲ್ಲೇ!