ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಮೊದಲ ದಿನ

ರಕ್ತ ಹೀರಿದ ಹೆಣ್ಣು ಅನಾಫಿಲಿಸ್ ಸೊಳ್ಳೆ ದೂರ ಹಾರಲಾರದು. ತನ್ನ ಮೈತೂಕದಷ್ಟೇ ರಕ್ತ ಹೊಟ್ಟೆ ಸೇರಿರುತ್ತದೆ. ಹೀರುತ್ತಿರುವಾಗಲೇ ಹಿಂಬದಿಯಿಂದ ಕೆಂಪುಮಿಶ್ರಿತ ಹನಿ ಹೊರಹಾಕಿ ಭಾರ ಇಳಿಸಿಕೊಂಡರೂ ಸಾಲದೆ, ಹತ್ತಿರದ ಗೋಡೆಯ ಮೇಲೆ ಕೂತುಬಿಡುತ್ತದೆ. ಮನೆಗೋಡೆಗೆ ಕೀಟನಾಶಕ ಸಿಂಪಡಿಸುವುದು ಇದಕ್ಕೇ.

ರಕ್ತದಲ್ಲಿ ನೀರು ಬಿಟ್ಟರೆ ಉಳಿಯುವುದು ಬಹುಪಾಲು ಪ್ರೋಟೀನು. ಅದು ಒಡೆದು ಅಮೈನೋ ಆಮ್ಲವಾದರೆ ಮಾತ್ರ ಸೊಳ್ಳೆಯ ಮೊಟ್ಟೆ ಬೆಳೆಯುತ್ತದೆ. ಒಡೆಯುವ ಮುಖ್ಯ ಕಿಣ್ವ ಟ್ರಿಪ್ಸಿನ್. ನಾವು ತಿಂದ ಬೇಳೆಯನ್ನು ನಮ್ಮ ಕರುಳಿನಲ್ಲಿ ಅರಗಿಸುವುದೂ ಇದರ ಬಂಧುವೇ. ರಕ್ತ ಬಂದ ಮೇಲೆ ಕರುಳಿನ ಕೋಶಗಳು ಇದನ್ನು ಸ್ರವಿಸತೊಡಗುತ್ತವೆ, ಸುಮಾರು 24 ಗಂಟೆಯ ಹೊತ್ತಿಗೆ ಅದರ ಪ್ರಮಾಣ ಗರಿಷ್ಠಕ್ಕೇರುತ್ತದೆ. ಅಷ್ಟರಲ್ಲಿ ಕೈಟಿನ್ ಮತ್ತು ಪ್ರೋಟೀನಿನ ತೆಳುಪೊರೆಯೊಂದು ರಕ್ತದ ಮುದ್ದೆಯನ್ನು ಸುತ್ತಿಕೊಂಡಿರುತ್ತದೆ. ಸೋಸುಬಟ್ಟೆಯಂತೆ ಅದು ಕಿಣ್ವಗಳನ್ನು ಒಳಬಿಟ್ಟು ದೊಡ್ಡ ಕಣಗಳನ್ನು ತಡೆಯುತ್ತದೆ.

ರೋಗಿಯ ರಕ್ತದೊಂದಿಗೆ ಬಂದ ಪ್ಲಾಸ್ಮೋಡಿಯಂ ಪರಜೀವಿ ಸಿಕ್ಕಿಬೀಳುವುದು ಈ ಪೊರೆಯೊಳಗೆ. ನಮ್ಮ ಮೈಬಿಸಿಯಿಂದ ಸೊಳ್ಳೆಯ ತಣ್ಣನೆಯ ಹೊಟ್ಟೆಗೆ ಇಳಿದ ಕೆಲವೇ ನಿಮಿಷಗಳಲ್ಲಿ ಅದರ ಗಂಡುಕೋಶಗಳು ದಾರದಂಥ ಬಾಲಗಳನ್ನು ಚಿಮ್ಮಿಸುತ್ತವೆ. ಗಂಡು ಹೆಣ್ಣು ಕೂಡಿ, ಒಂದು ದಿನದೊಳಗೆ ತೆವಳಬಲ್ಲ ಬಾಳೆಕಾಯಿ ಆಕಾರದ ಜೀವಿಯಾಗುತ್ತದೆ. ಟ್ರಿಪ್ಸಿನ್ ತುಂಬಿ ತುಳುಕುವುದೂ ಆಗಲೇ. ಬಹಳಷ್ಟು ಪರಜೀವಿಗಳು ಅಲ್ಲೇ ಸಾಯುತ್ತವೆ. ಇದರ ಜೀವನಚಕ್ರದಲ್ಲಿ ಇಷ್ಟು ಕಷ್ಟದ ಘಟ್ಟಗಳು ಕಡಿಮೆ.

ಉಳಿದವು ಪೊರೆ ದಾಟಲು ಕೈಟಿನೇಸ್ ಎಂಬ ತಮ್ಮದೇ ಕಿಣ್ವ ಬಳಸುತ್ತವೆ. ಕೋಳಿಗಳ ಮಲೇರಿಯಾ ಪರಜೀವಿಯ ಮೇಲೆ ಕೆಲಸ ಮಾಡಿದವರು 1993ರಲ್ಲಿ ಬೆರಗುಗೊಳಿಸುವ ಸಂಗತಿ ಕಂಡರು: ಪರಜೀವಿ ಈ ಕಿಣ್ವವನ್ನು ನಿಷ್ಕ್ರಿಯ ರೂಪದಲ್ಲಿ ಹೊರಬಿಡುತ್ತದೆ, ಸೊಳ್ಳೆಯ ಟ್ರಿಪ್ಸಿನ್ ಅದರ ಒಂದು ತುಂಡನ್ನು ಕತ್ತರಿಸಿದ ಮೇಲೆಯೇ ಅದು ಚುರುಕಾಗುತ್ತದೆ. ಪರಜೀವಿಯನ್ನು ಕೊಲ್ಲುವ ಕಿಣ್ವವೇ ಅದರ ಬಾಗಿಲನ್ನೂ ತೆಗೆಯುತ್ತದೆ! ಕೈಟಿನೇಸನ್ನು ತಡೆಯುವ ರಾಸಾಯನಿಕವನ್ನು ರಕ್ತಕ್ಕೆ ಬೆರೆಸಿ ಕುಡಿಸಿದಾಗ ಸೊಳ್ಳೆಗೆ ಸೋಂಕು ತಗುಲಲಿಲ್ಲ. ಸೊಳ್ಳೆಯೊಳಗೇ ರೋಗವನ್ನು ತಡೆಯುವ ಯೋಚನೆಗಳಲ್ಲಿ ನನಗೆ ತುಂಬ ಭರವಸೆ ಹುಟ್ಟಿಸಿದ್ದು ಇದು.

ದಾಟಿದವು ಜಠರದ ಹೊರಗೋಡೆಗೆ ಅಂಟಿ ಗಂಟುಗಳಾಗುತ್ತವೆ. ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೂಕ್ಷ್ಮದರ್ಶಕದಡಿ ಕಂಡದ್ದು ಇವನ್ನೇ. ಹತ್ತು ಹನ್ನೆರಡು ದಿನಕ್ಕೆ ಗಂಟು ಒಡೆದು, ಸಾವಿರಾರು ಮರಿಗಳು ಜೊಲ್ಲುಗ್ರಂಥಿಯತ್ತ ಹೊರಡುತ್ತವೆ.

ಇಷ್ಟಕ್ಕೂ ಸೊಳ್ಳೆಗೆ ಪರಜೀವಿ ಸಿಗುವುದು ಮನುಷ್ಯನ ರಕ್ತದಿಂದ. ಮಂಗಳೂರಿನಲ್ಲಿ ವೈವಾಕ್ಸ್ ಮಲೇರಿಯಾ ಅನುಭವಿಸಿದವರಿಗೆ 14 ದಿನಗಳ ಪ್ರಿಮಾಕ್ವಿನ್ ಮಾತ್ರೆ ಗೊತ್ತು. ಯಕೃತ್ತಿನಲ್ಲಿ ಅಡಗಿದ ಪರಜೀವಿ ಮತ್ತೆ ರಕ್ತಕ್ಕೆ ಬರದಿರಲೆಂದು ಅದನ್ನು ಕೊಡುತ್ತಾರೆ. ಜ್ವರ ಬಿಟ್ಟಿತೆಂದು ದಯವಿಟ್ಟು ಅದನ್ನು ನಡುವೆ ನಿಲ್ಲಿಸಬೇಡಿ.